2147483647: ಒಂದೇ ಸಂಖ್ಯೆ, ಹಲವು ಗುಣಗಳು

2038ರ ಜನವರಿ 19ರ ಮಂಗಳವಾರ, ಭಾರತೀಯ ಕಾಲಮಾನದಂತೆ ಬೆಳಗ್ಗೆ 8 ಗಂಟೆ 44 ನಿಮಿಷ 7 ಸೆಕೆಂಡು ಕಳೆದ ಮರುಕ್ಷಣದಲ್ಲಿ, ಹಳೆಯ ವಿನ್ಯಾಸದ ಕೆಲವು ಗಣಕಯಂತ್ರಗಳ ಗಡಿಯಾರ ಮುಂದಕ್ಕೆ ಹೋಗುವ ಬದಲು 1901ನೆಯ ಇಸವಿಗೆ ಜಾರಬಹುದು ಎಂಬ ಎಚ್ಚರಿಕೆ ಆಗಾಗ ಕಣ್ಣಿಗೆ ಬೀಳುತ್ತಿದೆ. ಆ ಎಚ್ಚರಿಕೆಯ ಜೊತೆಯಲ್ಲಿ ತಪ್ಪದೆ ಬರುವ ಹತ್ತಂಕಿಯ ಸಂಖ್ಯೆಯೇ 2147483647. ನಮ್ಮ ಎಣಿಕೆಯಲ್ಲಿ ಇದು ಇನ್ನೂರ ಹದಿನಾಲ್ಕು ಕೋಟಿ ಎಪ್ಪತ್ತನಾಲ್ಕು ಲಕ್ಷ ಎಂಬತ್ತಮೂರು ಸಾವಿರದ ಆರುನೂರ ನಲವತ್ತೇಳು.

ಗಣಕಯಂತ್ರಗಳು ಹುಟ್ಟುವುದಕ್ಕೆ ಬಹಳ ಮೊದಲೇ ಗಣಿತಜ್ಞರು ಈ ಸಂಖ್ಯೆಯನ್ನು ಚೆನ್ನಾಗಿ ಬಲ್ಲವರಾಗಿದ್ದರು. ಅವರಿಗೆ ಅದು ಮುಖ್ಯವಾದದ್ದು ಬೇರೆಯದೇ ಕಾರಣಕ್ಕೆ. ಈ ಎರಡು ಕಾರಣಗಳಿಗೂ ಬೇರು ಒಂದೇ: ಈ ಸಂಖ್ಯೆ ಎರಡರ ಒಂದು ಘಾತಕ್ಕಿಂತ ಸರಿಯಾಗಿ ಒಂದು ಕಡಿಮೆ. ಆದರೆ ಆ ಬೇರಿನಿಂದ ಯಾವುದು ತಾನಾಗಿ ಬರುತ್ತದೆ, ಯಾವುದು ಬರುವುದಿಲ್ಲ ಎಂಬುದನ್ನು ಬಿಡಿಸಿ ನೋಡಬೇಕಾಗುತ್ತದೆ.

ಮೂವತ್ತೊಂದು ಒಂದುಗಳ ಸಾಲು

ಎರಡನ್ನು ಎರಡರಿಂದ ಮತ್ತೆ ಮತ್ತೆ ಗುಣಿಸುತ್ತಾ ಹೋದರೆ 2, 4, 8, 16, 32 ಎಂದು ಬೆಳೆಯುವ ಸಂಖ್ಯೆಗಳು ಎರಡರ ಘಾತಗಳು. ಮೂವತ್ತೊಂದು ಎರಡುಗಳ ಗುಣಲಬ್ಧವನ್ನು 2³¹ ಎಂದು ಬರೆಯುತ್ತಾರೆ. ಅದರ ಬೆಲೆ 2147483648. ಅದರಲ್ಲಿ ಒಂದನ್ನು ಕಳೆದರೆ ನಮ್ಮ ಸಂಖ್ಯೆ ದೊರೆಯುತ್ತದೆ.

ಶಾಲೆಯಲ್ಲಿ ಛಂದಸ್ಸು ಕಲಿತವರಿಗೆ ಈ ಘಾತಗಳ ಪರಿಚಯ ಆಗಲೇ ಆಗಿದೆ. ಪ್ರತಿ ಅಕ್ಷರವೂ ಗುರು ಇಲ್ಲವೇ ಲಘು ಆಗಿರುವುದರಿಂದ ಮೂರಕ್ಷರಗಳನ್ನು 2 × 2 × 2, ಅಂದರೆ ಎಂಟು ರೀತಿಗಳಲ್ಲಿ ಜೋಡಿಸಬಹುದು. ‘ಯಮಾತಾರಾಜಭಾನಸಲಗಂ’ ಎಂದು ಬಾಯಿಪಾಠ ಮಾಡುವುದು ಈ ಎಂಟು ಗಣಗಳನ್ನೇ. ಗಣಕಯಂತ್ರ ಸಂಖ್ಯೆಗಳನ್ನು ಬರೆದುಕೊಳ್ಳುವ ಕ್ರಮವೂ ಇಂಥದ್ದೇ. ಗುರು ಲಘುಗಳ ಸ್ಥಾನದಲ್ಲಿ ಅಲ್ಲಿ 1 ಮತ್ತು 0 ಇರುತ್ತವೆ, ಅಕ್ಷರದ ಸ್ಥಾನವನ್ನು ಬಿಟ್ ಎನ್ನುತ್ತಾರೆ, ಈ ಬರವಣಿಗೆಗೆ ದ್ವಿಮಾನ ಪದ್ಧತಿ ಎಂದು ಹೆಸರು. ಮೂರು ಬಿಟ್‌ಗಳಲ್ಲಿ 000ದಿಂದ 111ರವರೆಗೆ, ಅಂದರೆ ಸೊನ್ನೆಯಿಂದ ಏಳರವರೆಗೆ ಎಂಟು ಸಂಖ್ಯೆಗಳನ್ನು ಬರೆಯಬಹುದು. ಹಾಗೆಯೇ 31 ಬಿಟ್‌ಗಳಲ್ಲಿ 2³¹ ಜೋಡಣೆಗಳಿವೆ. ಮೊದಲನೆಯದು ಸೊನ್ನೆಯಾದ್ದರಿಂದ ಕೊನೆಯದು 2³¹ − 1. ಮೂವತ್ತೊಂದು ಸ್ಥಾನಗಳಲ್ಲೂ 1 ಇರುವ ಬರಹವೇ 2147483647.

ಗಡಿಯಾರಕ್ಕೆ ಇಲ್ಲಿಯೇ ಏಕೆ ಮಿತಿ?

ಯುನಿಕ್ಸ್ ಮತ್ತು ಅದರ ವಂಶದ ಕಾರ್ಯಾಚರಣ ವ್ಯವಸ್ಥೆಗಳು ಕಾಲವನ್ನು 1970ರ ಜನವರಿ 1ರ ಶೂನ್ಯ ಗಂಟೆಯಿಂದ (ಅಂತರರಾಷ್ಟ್ರೀಯ ಪ್ರಮಾಣ ಕಾಲಮಾನ) ಸಂದ ಸೆಕೆಂಡುಗಳ ಲೆಕ್ಕದಲ್ಲಿ ಇಡುತ್ತವೆ. ಹಳೆಯ ವ್ಯವಸ್ಥೆಗಳು ಈ ಲೆಕ್ಕಕ್ಕೆ ಮೀಸಲಿಟ್ಟಿದ್ದು 32 ಬಿಟ್‌ಗಳನ್ನು. ಅವುಗಳಲ್ಲಿ ಒಂದು ಬಿಟ್ ಸಂಖ್ಯೆ ಧನವೋ ಋಣವೋ ಎಂದು ತಿಳಿಸುವ ಚಿಹ್ನೆಗೆ ಹೋಗುತ್ತದೆ. ಬೆಲೆಯನ್ನು ಬರೆಯಲು ಉಳಿಯುವುದು 31. ಆದ್ದರಿಂದ ಅಲ್ಲಿ ಬರೆಯಬಹುದಾದ ಅತಿ ದೊಡ್ಡ ಸಂಖ್ಯೆ 2147483647. ಅಷ್ಟು ಸೆಕೆಂಡುಗಳೆಂದರೆ 68 ವರ್ಷಗಳಿಗಿಂತ ತುಸು ಹೆಚ್ಚು. 1970ಕ್ಕೆ ಅದನ್ನು ಕೂಡಿಸಿದಾಗ 2038ರ ಜನವರಿ ಬರುತ್ತದೆ.

ಈ ತುದಿಗೆ ಇನ್ನೊಂದು ಸೆಕೆಂಡು ಸೇರಿದರೆ ಮೂವತ್ತೊಂದು ಒಂದುಗಳೂ ಸೊನ್ನೆಗಳಾಗಿ, ದಶಕ ಮುಂದಿನ ಸ್ಥಾನಕ್ಕೆ ಹೋಗುತ್ತದೆ. ಆ ಮುಂದಿನ ಸ್ಥಾನವೇ ಚಿಹ್ನೆಯ ಬಿಟ್ ಆಗಿರುವುದರಿಂದ ಯಂತ್ರ ಅದನ್ನು ಋಣ 2147483648 ಎಂದು ಓದುತ್ತದೆ. 1970ಕ್ಕಿಂತ ಅಷ್ಟು ಸೆಕೆಂಡು ಹಿಂದೆ ಎಂದರೆ 1901ರ ಡಿಸೆಂಬರ್ 13.

ಇದೇ ಮಿತಿ 2014ರ ಡಿಸೆಂಬರ್‌ನಲ್ಲಿ ಇನ್ನೊಂದು ಕಡೆ ಸುದ್ದಿಯಾಗಿತ್ತು. ಕೊರಿಯಾದ ಒಂದು ಹಾಡಿನ ವೀಡಿಯೊ ಯೂಟ್ಯೂಬ್‌ನಲ್ಲಿ ಈ ಸಂಖ್ಯೆಗಿಂತ ಹೆಚ್ಚು ವೀಕ್ಷಣೆ ಪಡೆದಾಗ ಎಣಿಕೆಯನ್ನು 64 ಬಿಟ್‌ಗೆ ಏರಿಸಲಾಯಿತು. ಕಾಲದ ಲೆಕ್ಕಕ್ಕೂ ಪರಿಹಾರ ಅದೇ. ಈಗಿನ ಹೆಚ್ಚಿನ ಗಣಕಯಂತ್ರಗಳೂ ಫೋನುಗಳೂ 64 ಬಿಟ್‌ಗಳನ್ನು ಬಳಸುತ್ತವೆ. 32 ಬಿಟ್ ಯಂತ್ರಗಳಿಗೂ ಈ ಅನುಕೂಲ ಲಿನಕ್ಸ್‌ನ 5.6ನೆಯ ಆವೃತ್ತಿಯೊಂದಿಗೆ 2020ರಲ್ಲಿ ಬಂದಿದೆ. ತೊಂದರೆಯ ಸಾಧ್ಯತೆ ಇರುವುದು ಒಮ್ಮೆ ಅಳವಡಿಸಿದ ಮೇಲೆ ತಂತ್ರಾಂಶವನ್ನು ಬದಲಿಸದೆ ವರ್ಷಗಟ್ಟಲೆ ದುಡಿಸಿಕೊಳ್ಳುವ ಸಣ್ಣ ಯಂತ್ರಗಳಲ್ಲಿ.

ಅವಿಭಾಜ್ಯವೋ ಸಂಯುಕ್ತವೋ?

ಒಂದಕ್ಕಿಂತ ದೊಡ್ಡದಾದ ಪೂರ್ಣಸಂಖ್ಯೆಯನ್ನು ಒಂದು ಮತ್ತು ತಾನು ಹೊರತು ಬೇರಾವ ಸಂಖ್ಯೆಯೂ ಶೇಷವಿಲ್ಲದೆ ಭಾಗಿಸದಿದ್ದರೆ ಅದು ಅವಿಭಾಜ್ಯ ಸಂಖ್ಯೆ. ಭಾಗಿಸಿದರೆ ಸಂಯುಕ್ತ ಸಂಖ್ಯೆ. 2147483647 ಅವಿಭಾಜ್ಯ. ಅವಿಭಾಜ್ಯಗಳನ್ನು 2, 3, 5, 7 ಎಂದು ಚಿಕ್ಕದರಿಂದ ಎಣಿಸುತ್ತಾ ಬಂದರೆ ಇದರ ಸರದಿ 105097565ನೆಯದು.

ಎರಡರ ಘಾತಕ್ಕಿಂತ ಒಂದು ಕಡಿಮೆ ಇರುವ ಅವಿಭಾಜ್ಯಗಳನ್ನು ಹದಿನೇಳನೆಯ ಶತಮಾನದ ಫ್ರೆಂಚ್ ಸನ್ಯಾಸಿ ಮರೆನ್ ಮರ್ಸೆನ್ ಅವರ ಹೆಸರಿನಿಂದ ಮರ್ಸೆನ್ ಅವಿಭಾಜ್ಯಗಳೆಂದು ಕರೆಯುತ್ತಾರೆ. ಇಂಥ ಸಂಖ್ಯೆ ಅವಿಭಾಜ್ಯವಾಗಬೇಕಾದರೆ ಘಾತಸೂಚಿಯೂ ಅವಿಭಾಜ್ಯವಾಗಿರಲೇಬೇಕು. ಕಾರಣವನ್ನು ದ್ವಿಮಾನ ಬರಹದಲ್ಲಿ ಕಣ್ಣಾರೆ ಕಾಣಬಹುದು. 2¹⁵ − 1 ಎಂದರೆ ಹದಿನೈದು ಒಂದುಗಳು. ಅವನ್ನು ಮೂರು ಮೂರರಂತೆ 111 111 111 111 111 ಎಂದು ಬಿಡಿಸಿದರೆ ಒಂದೇ 111 ಐದು ಸಲ ಬಂದಿರುವುದು ತಿಳಿಯುತ್ತದೆ. ಆದ್ದರಿಂದ ಇಡೀ ಸಂಖ್ಯೆಯನ್ನು 111, ಅಂದರೆ 7, ಭಾಗಿಸಲೇಬೇಕು. ಲೆಕ್ಕ ಹಾಕಿ ನೋಡಿದರೂ 32767 = 7 × 4681. ಮೂವತ್ತೊಂದು ಒಂದುಗಳನ್ನು ಹೀಗೆ ಸಮಭಾಗಗಳಾಗಿ ಒಡೆಯಲಾಗದು, ಏಕೆಂದರೆ 31 ಸ್ವತಃ ಅವಿಭಾಜ್ಯ.

ಹಾಗೆಂದು ಘಾತಸೂಚಿ ಅವಿಭಾಜ್ಯವಾಗಿದ್ದರೆ ಸಾಕು ಎನ್ನುವಂತಿಲ್ಲ. 11 ಅವಿಭಾಜ್ಯವಾದರೂ 2¹¹ − 1 = 2047 = 23 × 89. ಈ ಎಡೆಯಲ್ಲಿ ದೊಡ್ಡ ದೊಡ್ಡವರೂ ಎಡವಿದ್ದಾರೆ. ಬೊಲೊನ್ಯಾದ ಕಟಾಲ್ಡಿ 17 ಮತ್ತು 19ನ್ನು ಸರಿಯಾಗಿ ಪರೀಕ್ಷಿಸಿದರೂ 31ರ ಜೊತೆಗೆ 23, 29 ಮತ್ತು 37 ಕೂಡ ಅವಿಭಾಜ್ಯ ಕೊಡುತ್ತವೆಂದು ಹೇಳಿಬಿಟ್ಟರು. 31 ಒಂದೇ ನಿಜವಾಯಿತು. ಮರ್ಸೆನ್ 1644ರಲ್ಲಿ ಕೊಟ್ಟ ಪಟ್ಟಿಯಲ್ಲಿಯೂ 31 ಇತ್ತು, ಆದರೆ ತಪ್ಪಾದ 67 ಮತ್ತು 257 ಸೇರಿಕೊಂಡು, ಇರಬೇಕಾಗಿದ್ದ 61, 89 ಮತ್ತು 107 ಬಿಟ್ಟುಹೋಗಿದ್ದವು.

ಗಣಕಯಂತ್ರದ ಮಿತಿಯೂ ಅವಿಭಾಜ್ಯತೆಯೂ ಒಂದೇ ಸಂಖ್ಯೆಯಲ್ಲಿ ಕೂಡಿದ್ದು ಆಕಸ್ಮಿಕವೆಂಬುದು ಇಲ್ಲಿ ಸ್ಪಷ್ಟವಾಗುತ್ತದೆ. 8 ಬಿಟ್‌ನ ಮಿತಿಯಾದ 127 ಅವಿಭಾಜ್ಯ. 16 ಬಿಟ್‌ನ ಮಿತಿ ಈಗಷ್ಟೇ ಒಡೆದ 32767. 32 ಬಿಟ್‌ನದು ಮತ್ತೆ ಅವಿಭಾಜ್ಯ. 64 ಬಿಟ್‌ನ ಮಿತಿಯಾದ 2⁶³ − 1 ಸಂಯುಕ್ತ, ಅದರಲ್ಲಿ 7 ಎರಡು ಸಲ ಅಡಗಿದೆ. ಚಿಹ್ನೆಗೆ ಒಂದು ಬಿಟ್ ಬಿಟ್ಟುಕೊಟ್ಟಾಗ ಉಳಿಯುವ 7, 15, 31, 63ರಲ್ಲಿ ಅವಿಭಾಜ್ಯವಾದವು 7 ಮತ್ತು 31 ಮಾತ್ರ.

ಆಯ್ಲರ್ ಭಾಗಾಕಾರವನ್ನು ಕಡಿಮೆ ಮಾಡಿದ ಬಗೆ

ಒಂದು ಸಂಖ್ಯೆ ಸಂಯುಕ್ತವಾಗಿದ್ದರೆ ಅದರ ವರ್ಗಮೂಲವನ್ನು ಮೀರದ ಒಂದು ಅವಿಭಾಜ್ಯ ಅಪವರ್ತನ ಇದ್ದೇ ಇರುತ್ತದೆ. ಎರಡು ಅಪವರ್ತನಗಳೂ ವರ್ಗಮೂಲಕ್ಕಿಂತ ದೊಡ್ಡದಾದರೆ ಗುಣಲಬ್ಧ ಮೂಲ ಸಂಖ್ಯೆಯನ್ನು ದಾಟಿಬಿಡುತ್ತದೆ. ನಮ್ಮ ಸಂಖ್ಯೆಯ ವರ್ಗಮೂಲ 46340ಕ್ಕಿಂತ ತುಸು ಹೆಚ್ಚು, 46341ಕ್ಕಿಂತ ಕಡಿಮೆ. ಅಷ್ಟರೊಳಗೆ ಸುಮಾರು 4800 ಅವಿಭಾಜ್ಯಗಳಿವೆ. ಹತ್ತಂಕಿಯ ಸಂಖ್ಯೆಯನ್ನು ಅಷ್ಟು ಸಲ ಕೈಯಲ್ಲಿ ಭಾಗಿಸುವುದು ಅಸಾಧ್ಯವೇನಲ್ಲ, ಆದರೆ ತಪ್ಪಿಲ್ಲದೆ ಮುಗಿಸುವುದು ಕಷ್ಟ. ಸೇಂಟ್ ಪೀಟರ್ಸ್‌ಬರ್ಗಿನಲ್ಲಿದ್ದ ಲಿಯೋನಾರ್ಡ್ ಆಯ್ಲರ್ ಈ ಕೆಲಸವನ್ನು ಮುಗಿಸಿ, ಬರ್ನೂಲಿ ಮನೆತನದ ಗಣಿತಜ್ಞರೊಬ್ಬರಿಗೆ ಬರೆದ ಪತ್ರದ ಮೂಲಕ 1772ರಲ್ಲಿ ಪ್ರಕಟಿಸಿದರು. ಆ ಹೊತ್ತಿಗೆ ಅವರು ದೃಷ್ಟಿಯನ್ನು ಬಹುಪಾಲು ಕಳೆದುಕೊಂಡಿದ್ದರು.

ಅವರ ಉಪಾಯ ತಿಳಿಯಲು ಶೇಷಗಳ ಆವರ್ತನೆಯನ್ನು ಗಮನಿಸಬೇಕು. 1ರಿಂದ ಹೊರಟು ಪ್ರತಿ ಹೆಜ್ಜೆಗೂ ಎರಡರಿಂದ ಗುಣಿಸುತ್ತಾ, 23ರಿಂದ ಭಾಗಿಸಿದಾಗ ಉಳಿಯುವ ಶೇಷವನ್ನಷ್ಟೇ ಬರೆದುಕೊಳ್ಳೋಣ: 1, 2, 4, 8, 16, 9, 18, 13, 3, 6, 12, ಮತ್ತೆ 1. ಹನ್ನೊಂದು ಹೆಜ್ಜೆಗೆ ಒಂದು ಸುತ್ತು ಮುಗಿಯಿತು. ಫ್ರಾನ್ಸಿನ ಫರ್ಮಾ ಕಂಡುಕೊಂಡ ನಿಯಮದ ಪ್ರಕಾರ, ಯಾವುದೇ ಬೆಸ ಅವಿಭಾಜ್ಯದಿಂದ ಹೀಗೆ ಭಾಗಿಸುತ್ತಾ ಹೋದರೂ ಆ ಅವಿಭಾಜ್ಯಕ್ಕಿಂತ ಒಂದು ಕಡಿಮೆ ಹೆಜ್ಜೆಗಳಾದಾಗ ಶೇಷ 1 ಬಂದೇ ಬರುತ್ತದೆ. ಆದ್ದರಿಂದ ಸುತ್ತಿನ ಉದ್ದ ಆ ಸಂಖ್ಯೆಯನ್ನು ನಿಶ್ಶೇಷವಾಗಿ ಭಾಗಿಸಬೇಕು. ಇಲ್ಲಿ 11 ಎಂಬುದು 22ನ್ನು ಭಾಗಿಸುತ್ತದೆ.

ಈಗ ಯಾವುದೋ ಒಂದು ಅವಿಭಾಜ್ಯ 2³¹ − 1ನ್ನು ಭಾಗಿಸುತ್ತದೆ ಎಂದು ಇಟ್ಟುಕೊಳ್ಳೋಣ. ಆಗ 2³¹ನ್ನು ಅದರಿಂದ ಭಾಗಿಸಿದರೆ ಶೇಷ 1. ಅಂದರೆ 31ನೆಯ ಹೆಜ್ಜೆಯಲ್ಲಿ ನಾವು ಹೊರಟ ಜಾಗಕ್ಕೇ ಬಂದಿರುತ್ತೇವೆ. ಆದ್ದರಿಂದ ಸುತ್ತಿನ ಉದ್ದ 31ನ್ನು ಭಾಗಿಸಬೇಕು. 31 ಅವಿಭಾಜ್ಯವಾದ ಕಾರಣ ಆ ಉದ್ದ 31 ಅಲ್ಲದೆ ಬೇರೆಯಾಗಲು ದಾರಿಯಿಲ್ಲ. ಫರ್ಮಾ ನಿಯಮವನ್ನು ಇದಕ್ಕೆ ಸೇರಿಸಿದರೆ, ಬೇಕಾದ ಅಪವರ್ತನದಲ್ಲಿ ಒಂದನ್ನು ಕಳೆದಾಗ ಸಿಗುವುದು 31ರ ಗುಣಕವಾಗಿರಬೇಕು; ಅಪವರ್ತನ ಬೆಸ ಸಂಖ್ಯೆಯೂ ಆಗಿರಬೇಕಾದ್ದರಿಂದ ಅದು 62ರ ಗುಣಕಕ್ಕಿಂತ ಒಂದು ಹೆಚ್ಚು ಇರಬೇಕು. 2, 3, 5, 7ರಂಥ ಪರಿಚಿತ ಅವಿಭಾಜ್ಯಗಳನ್ನೆಲ್ಲ ಭಾಗಿಸಿಯೂ ನೋಡದೆ ಇಲ್ಲಿಯೇ ಕೈಬಿಡಬಹುದು.

ಆಯ್ಲರ್ ಇಷ್ಟಕ್ಕೆ ನಿಲ್ಲಲಿಲ್ಲ. 2³¹ರ ಶೇಷ 1 ಆದರೆ 2³²ರ ಶೇಷ 2. ಆದರೆ 2³² ಎಂಬುದು 65536ರ ವರ್ಗ. ಒಂದು ವರ್ಗಸಂಖ್ಯೆಯನ್ನು ಭಾಗಿಸಿ ಶೇಷ 2 ಉಳಿಸಬಲ್ಲ ಬೆಸ ಅವಿಭಾಜ್ಯಗಳು ಎಂಟರಿಂದ ಭಾಗಿಸಿದಾಗ 1 ಅಥವಾ 7 ಶೇಷ ಕೊಡುವಂಥವು ಮಾತ್ರ ಎಂಬುದು ಸಂಖ್ಯಾಸಿದ್ಧಾಂತದ ಇನ್ನೊಂದು ನಿಯಮ. ಎರಡು ಷರತ್ತುಗಳನ್ನೂ ಕೂಡಿಸಿದರೆ ಉಳಿಯುವ ಸಂಖ್ಯೆಗಳು ಎರಡೇ ಬಗೆ: 248ರ ಗುಣಕಕ್ಕೆ 1 ಕೂಡಿಸಿದವು, ಇಲ್ಲವೇ 63 ಕೂಡಿಸಿದವು. 46340ರೊಳಗೆ ಇಂಥ ಸಂಖ್ಯೆಗಳು ನಾನೂರಕ್ಕಿಂತ ಕಡಿಮೆ, ಅವುಗಳಲ್ಲಿಯೂ ಅನೇಕವು ಸಂಯುಕ್ತ. ಮೊದಲು ಭಾಗಿಸಿ ನೋಡಬೇಕಾದ ಅವಿಭಾಜ್ಯ 311. ಶೇಷ 35 ಉಳಿಯುತ್ತದೆ. ಮುಂದಿನವು 1303 ಮತ್ತು 1489. ಕೊನೆಯವರೆಗೂ ಯಾವುದೂ ನಿಶ್ಶೇಷವಾಗಿ ಭಾಗಿಸಲಿಲ್ಲ. ಆಗ ತಿಳಿದಿದ್ದ ಅವಿಭಾಜ್ಯಗಳಲ್ಲಿ ಇದೇ ಅತಿ ದೊಡ್ಡದಾಯಿತು, ಮುಂದಿನ ಎಪ್ಪತ್ತೈದು ವರ್ಷಗಳಿಗೂ ಮೀರಿ ಆ ಸ್ಥಾನದಲ್ಲಿ ಉಳಿಯಿತು. ಸಾವಿರಾರು ಭಾಗಾಕಾರಗಳನ್ನು ಮಾಡಬಲ್ಲ ತಾಳ್ಮೆಗಿಂತ ಅವುಗಳಲ್ಲಿ ಬೇಡವಾದವನ್ನು ಗುರುತಿಸಿದ ಈ ಜಾಣ್ಮೆಯೇ ಹೆಚ್ಚಿನದೆಂದು ನನಗೆ ತೋರುತ್ತದೆ.

ಭಾಗಿಸದೆಯೇ ಪರೀಕ್ಷೆ

ಮರ್ಸೆನ್ ಸಂಖ್ಯೆಗಳಿಗೆ ಇನ್ನೂ ಚುರುಕಾದ ಪರೀಕ್ಷೆಯೊಂದಿದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಫ್ರಾನ್ಸಿನ ಲ್ಯೂಕಾ ರೂಪಿಸಿದ ಇದನ್ನು ಮುಂದಿನ ಶತಮಾನದಲ್ಲಿ ಅಮೆರಿಕದ ಲೆಹ್ಮರ್ ಹದಗೊಳಿಸಿದರು. 4ರಿಂದ ಹೊರಡಬೇಕು, ಪ್ರತಿ ಸಲವೂ ಕೈಯಲ್ಲಿರುವ ಸಂಖ್ಯೆಯನ್ನು ವರ್ಗ ಮಾಡಿ, 2 ಕಳೆದು, ಪರೀಕ್ಷಿಸಬೇಕಾದ ಸಂಖ್ಯೆಯಿಂದ ಭಾಗಿಸಿ, ಶೇಷವನ್ನು ಮಾತ್ರ ಉಳಿಸಿಕೊಳ್ಳಬೇಕು. ಘಾತಸೂಚಿಗಿಂತ ಎರಡು ಕಡಿಮೆ ಹೆಜ್ಜೆಗಳಲ್ಲಿ ಸೊನ್ನೆ ಬಂದರೆ ಸಂಖ್ಯೆ ಅವಿಭಾಜ್ಯ, ಬಾರದಿದ್ದರೆ ಸಂಯುಕ್ತ. 2⁵ − 1 = 31ಕ್ಕೆ ಮೂರು ಹೆಜ್ಜೆ ಸಾಕು: 4ರಿಂದ 14; 14ರಿಂದ 194, ಅದರ ಶೇಷ 8; 8ರಿಂದ 62, ಅದರ ಶೇಷ 0. ನಮ್ಮ ಸಂಖ್ಯೆಗೆ ಇಪ್ಪತ್ತೊಂಬತ್ತು ಹೆಜ್ಜೆಗಳಲ್ಲಿ ಸೊನ್ನೆ ಬರುತ್ತದೆ. ಇಂದಿಗೂ ದೈತ್ಯ ಅವಿಭಾಜ್ಯಗಳನ್ನು ಖಚಿತಪಡಿಸುವುದು ಈ ಪರೀಕ್ಷೆಯಿಂದಲೇ. 2024ರ ಅಕ್ಟೋಬರ್‌ನಲ್ಲಿ ಘೋಷಿತವಾದ ಐವತ್ತೆರಡನೆಯ ಮರ್ಸೆನ್ ಅವಿಭಾಜ್ಯದ ಘಾತಸೂಚಿ 136279841, ಅಂಕಿಗಳ ಸಂಖ್ಯೆ ನಾಲ್ಕು ಕೋಟಿಗೂ ಹೆಚ್ಚು. ಆ ಸಾಲಿನಲ್ಲಿ ನಮ್ಮದು ಎಂಟನೆಯದು.

ಇದರಿಂದ ಹುಟ್ಟುವ ಪರಿಪೂರ್ಣ ಸಂಖ್ಯೆ

ತನ್ನನ್ನು ಬಿಟ್ಟು ಉಳಿದ ಎಲ್ಲ ಭಾಜಕಗಳ ಮೊತ್ತಕ್ಕೆ ಸಮನಾದ ಸಂಖ್ಯೆಯನ್ನು ಪರಿಪೂರ್ಣ ಸಂಖ್ಯೆ ಎನ್ನುತ್ತಾರೆ. 6 = 1 + 2 + 3; 28 = 1 + 2 + 4 + 7 + 14. ಮೊತ್ತ ಕಡಿಮೆಯಾದರೆ ನ್ಯೂನ, ಹೆಚ್ಚಾದರೆ ಅಧಿಕ. ಅವಿಭಾಜ್ಯಕ್ಕೆ ತನ್ನನ್ನು ಬಿಟ್ಟರೆ 1 ಒಂದೇ ಭಾಜಕವಾದ್ದರಿಂದ 2147483647 ನ್ಯೂನ ಸಂಖ್ಯೆಗಳ ಗುಂಪಿಗೆ ಸೇರುತ್ತದೆ.

ಆದರೆ ಪ್ರತಿ ಮರ್ಸೆನ್ ಅವಿಭಾಜ್ಯವೂ ಒಂದು ಪರಿಪೂರ್ಣ ಸಂಖ್ಯೆಯನ್ನು ಕೊಡುತ್ತದೆ ಎಂದು ಎರಡು ಸಾವಿರ ವರ್ಷಗಳಿಗೂ ಹಿಂದೆ ಯೂಕ್ಲಿಡ್ ಸಾಧಿಸಿದ್ದರು. 28 ಎಂದರೆ 4 × 7. ಇದರಲ್ಲಿ 1 + 2 + 4 ಸೇರಿ 7 ಆಗುತ್ತದೆ. ಉಳಿದ ಭಾಜಕಗಳು 7 ಮತ್ತು 14, ಅವುಗಳ ಮೊತ್ತ 21. ಎರಡೂ ಕೂಡಿದರೆ 28. ಎರಡರ ಘಾತಗಳ ಮೊತ್ತ ಮುಂದಿನ ಘಾತಕ್ಕಿಂತ ಒಂದು ಕಡಿಮೆ ಬರುವುದರಿಂದಲೇ ಈ ಲೆಕ್ಕ ಕೂಡಿಬರುತ್ತದೆ. ಹಾಗೆಯೇ 2³⁰ನ್ನು ನಮ್ಮ ಸಂಖ್ಯೆಯಿಂದ ಗುಣಿಸಿದರೆ 2305843008139952128 ಎಂಬ ಹತ್ತೊಂಬತ್ತಂಕಿಯ, ಎಂಟನೆಯ ಪರಿಪೂರ್ಣ ಸಂಖ್ಯೆ ಸಿಗುತ್ತದೆ. 1ರಿಂದ 2147483647ರವರೆಗಿನ ಎಲ್ಲ ಪೂರ್ಣಸಂಖ್ಯೆಗಳ ಮೊತ್ತವೂ ಇದೇ. ಸಮಸಂಖ್ಯೆಗಳಲ್ಲಿ ಬೇರಾವ ಬಗೆಯ ಪರಿಪೂರ್ಣ ಸಂಖ್ಯೆಯೂ ಇಲ್ಲವೆಂದು ತೋರಿಸಿದವರು ಮತ್ತೆ ಆಯ್ಲರ್. ಬೆಸ ಪರಿಪೂರ್ಣ ಸಂಖ್ಯೆ ಇದೆಯೇ ಎಂಬ ಪ್ರಶ್ನೆಗೆ ಇಂದಿಗೂ ಉತ್ತರ ಸಿಕ್ಕಿಲ್ಲ.

ನೆರೆಹೊರೆ ಮತ್ತು ವರ್ಗಸಂಖ್ಯೆಗಳು

ಎರಡೇ ಅಂತರವಿರುವ ಅವಿಭಾಜ್ಯಗಳ ಜೋಡಿಗೆ ಅವಳಿ ಅವಿಭಾಜ್ಯಗಳೆಂದು ಹೆಸರು. ನಮ್ಮ ಸಂಖ್ಯೆಗೆ ಅವಳಿ ಇಲ್ಲ: 2147483645ರ ಕೊನೆಯಂಕಿ 5; 2147483649ರ ಅಂಕಿಗಳ ಮೊತ್ತ 48 ಆದ್ದರಿಂದ ಅದನ್ನು 3 ಭಾಗಿಸುತ್ತದೆ. ಹತ್ತಿರದ ಅವಿಭಾಜ್ಯಗಳು ಹಿಂದೆ 2147483629, ಮುಂದೆ 2147483659.

ವರ್ಗಸಂಖ್ಯೆಗಳ ಮೊತ್ತವಾಗಿ ಬರೆಯುವ ವಿಷಯ ಇನ್ನೂ ಸ್ವಾರಸ್ಯದ್ದು. ಯಾವ ವರ್ಗಸಂಖ್ಯೆಯನ್ನು ಎಂಟರಿಂದ ಭಾಗಿಸಿದರೂ ಶೇಷ 0, 1 ಅಥವಾ 4 ಮಾತ್ರ. ಇವುಗಳಲ್ಲಿ ಮೂರನ್ನು ಹೇಗೆ ಕೂಡಿಸಿದರೂ ಶೇಷ 7 ಬರುವುದಿಲ್ಲ. ಮೂವತ್ತೊಂದು ಒಂದುಗಳ ಕೊನೆಯ ಮೂರು ಬಿಟ್‌ಗಳು 111 ಆಗಿರುವ ಕಾರಣ ನಮ್ಮ ಸಂಖ್ಯೆಯ ಶೇಷ 7. ಹಾಗಾಗಿ ಇದನ್ನು ಎರಡು ಅಥವಾ ಮೂರು ವರ್ಗಸಂಖ್ಯೆಗಳ ಮೊತ್ತವಾಗಿ ಬರೆಯಲು ಸಾಧ್ಯವೇ ಇಲ್ಲ. ಆದರೆ ಯಾವ ಸಂಖ್ಯೆಗಾದರೂ ನಾಲ್ಕು ವರ್ಗಗಳು ಸಾಕೆಂದು ಲಗ್ರಾಂಜ್ 1770ರಲ್ಲಿ ಸಾಧಿಸಿದ್ದರು. ಇದಕ್ಕೂ ಅಷ್ಟು ಸಾಕು: 46339² + 425² + 10² + 1².

ಉಪಯೋಗವಿಲ್ಲವೆಂದುಕೊಂಡದ್ದರ ಉಪಯೋಗ

ಇಂಗ್ಲೆಂಡಿನ ಪೀಟರ್ ಬಾರ್ಲೋ 1811ರಲ್ಲಿ, ನಮ್ಮ ಸಂಖ್ಯೆಯಿಂದ ಹುಟ್ಟುವ ಪರಿಪೂರ್ಣ ಸಂಖ್ಯೆಗಿಂತ ದೊಡ್ಡದನ್ನು ಯಾರೂ ಎಂದಿಗೂ ಕಂಡುಹಿಡಿಯಲಾರರು, ಇಂಥವು ಕುತೂಹಲದ ವಸ್ತುಗಳೇ ಹೊರತು ಉಪಯೋಗವಿಲ್ಲದ ಕಾರಣ ಯಾರೂ ಪ್ರಯತ್ನಿಸಲಾರರು ಎಂಬರ್ಥದ ಮಾತು ಬರೆದಿದ್ದರು. ಎರಡೂ ಊಹೆಗಳು ಸುಳ್ಳಾದವು.

ಆಟಗಳಲ್ಲಿ, ಮಾದರಿ ಸಮೀಕ್ಷೆಗಳಲ್ಲಿ, ವೈಜ್ಞಾನಿಕ ಅಣಕು ಪ್ರಯೋಗಗಳಲ್ಲಿ ಗಣಕಯಂತ್ರ ಗೊತ್ತುಗುರಿಯಿಲ್ಲದಂತೆ ಕಾಣುವ ಸಂಖ್ಯೆಗಳನ್ನು ಒಂದರ ಹಿಂದೊಂದು ಕೊಡಬೇಕಾಗುತ್ತದೆ. ಅದಕ್ಕೆ ಸರಳವಾದ ಒಂದು ಕ್ರಮವನ್ನು 1969ರಲ್ಲಿ ಲೂಯಿಸ್, ಗುಡ್‌ಮನ್ ಮತ್ತು ಮಿಲ್ಲರ್ ಸೂಚಿಸಿದರು. 1988ರಲ್ಲಿ ಪಾರ್ಕ್ ಮತ್ತು ಮಿಲ್ಲರ್ ಅದನ್ನು ಕನಿಷ್ಠ ಮಾನದಂಡವಾಗಿ ಶಿಫಾರಸು ಮಾಡಿದರು. ಕೈಯಲ್ಲಿರುವ ಸಂಖ್ಯೆಯನ್ನು 16807ರಿಂದ ಗುಣಿಸಿ 2147483647ರಿಂದ ಭಾಗಿಸಬೇಕು. ಉಳಿದ ಶೇಷವೇ ಮುಂದಿನ ಸಂಖ್ಯೆ. 1ರಿಂದ ಆರಂಭಿಸಿದರೆ 16807, 282475249, 1622650073 ಎಂದು ಸರಣಿ ಬೆಳೆಯುತ್ತದೆ.

ಭಾಜಕ ಅವಿಭಾಜ್ಯವಾಗಿರುವುದರ ಪ್ರಯೋಜನ ಇಲ್ಲಿ ಕಾಣುತ್ತದೆ. ಅದರ ಗುಣಕಗಳಲ್ಲದ ಎರಡು ಸಂಖ್ಯೆಗಳ ಗುಣಲಬ್ಧ ಎಂದಿಗೂ ಅದರ ಗುಣಕವಾಗದು. ಆದ್ದರಿಂದ ಸರಣಿ ಸೊನ್ನೆಗೆ ಬಿದ್ದು ಅಲ್ಲಿಯೇ ಉಳಿದುಬಿಡುವ ಭಯವಿಲ್ಲ. 16807 ಎಂಬುದು 7ರ ಐದನೆಯ ಘಾತ. 7ರಿಂದ ಗುಣಿಸುತ್ತಾ ಹೋದರೆ 1ರಿಂದ 2147483646ರವರೆಗಿನ ಎಲ್ಲ ಶೇಷಗಳೂ ಒಂದೊಂದು ಸಲ ಬಂದ ಮೇಲೆಯೇ ಸುತ್ತು ಮುಗಿಯುತ್ತದೆ. ಒಂದು ಸಲಕ್ಕೆ ಐದೈದು ಹೆಜ್ಜೆ ಹಾರಿದರೂ ಯಾವುದೂ ತಪ್ಪಿಹೋಗುವುದಿಲ್ಲ, ಏಕೆಂದರೆ 2147483646ನ್ನು ಅಪವರ್ತಿಸಿದರೆ 2 × 3² × 7 × 11 × 31 × 151 × 331 ಬರುತ್ತದೆ, ಅದರಲ್ಲಿ 5 ಇಲ್ಲ. ಒಂದು ಸಂಖ್ಯೆ ಗೊತ್ತಾದರೆ ಮುಂದಿನವನ್ನೆಲ್ಲ ಯಾರು ಬೇಕಾದರೂ ಲೆಕ್ಕ ಹಾಕಬಹುದಾದ್ದರಿಂದ ಗುಪ್ತಪದಗಳಂಥ ಭದ್ರತೆಯ ಕೆಲಸಕ್ಕೆ ಈ ಕ್ರಮ ಸಲ್ಲದು. ಆದರೂ ಸಿ++ ಭಾಷೆಯ ಪ್ರಮಾಣಿತ ಗ್ರಂಥಾಲಯದಲ್ಲಿ ಇದು ಈಗಲೂ ಇದೆ. ಅಳವಡಿಕೆ ಸರಿಯಾಗಿದೆಯೇ ಎಂದು ನೋಡಲು ಅಲ್ಲಿ ಕೊಟ್ಟಿರುವ ಒರೆಗಲ್ಲೆಂದರೆ, 1ರಿಂದ ಆರಂಭಿಸಿದಾಗ ಹತ್ತು ಸಾವಿರದನೆಯ ಸಂಖ್ಯೆ 1043618065 ಬರಬೇಕು.